ಪೂಜೆಗಿಟ್ಟ ಲ್ಯಾಪ್‌ಟಾಪ್

ನನ್ನ ಅತ್ತೆಗೆ ಎರಡು ದನಿ ಇದ್ದವು. ಒಂದು ಹಾಡುವುದಕ್ಕೆ, ಇನ್ನೊಂದು ನನ್ನನ್ನು ಬೈಯುವುದಕ್ಕೆ. ಜಯನಗರದ ನಮ್ಮ ಸುತ್ತಮುತ್ತ ಯಾರ ಮನೆಯ ಸೀಮಂತವಾಗಲಿ, ನಾಮಕರಣವಾಗಲಿ, ಹಾಡಿಗೆ ಅವರಿಗೇ ಕರೆ. ಮದುವೆಯಾಗಿ ಬಂದ ಹೊಸತರಲ್ಲಿ ಒಮ್ಮೆ ಆರತಿಯ ಹೊತ್ತಿಗೆ ನಾನೂ ದನಿಗೂಡಿಸಿದೆ. ಬಂದವರೆಲ್ಲರ ಎದುರಿಗೇ ಅತ್ತೆ, "ನೀನು ಸುಮ್ನಿರೇ, ನಿಂದು ಒಡೆದ ಮಡಕೆ" ಎಂದರು. ಹೆಂಗಸರೆಲ್ಲ ನಕ್ಕರು. ಆಮೇಲೆ ಹನ್ನೊಂದು ವರ್ಷ ಆ ಮನೆಯಲ್ಲಿ ನಾನು ಒಂದು ಸಾಲೂ ಗುನುಗಲಿಲ್ಲ.

ಎರಡು ಸಾವಿರದ ಐದೋ ಆರೋ ಇರಬೇಕು, ಅವರ ಗಂಟಲಿಗೆ ಆಪರೇಷನ್ ಆಗಬೇಕಾಯಿತು. ದನಿ ಉಳಿಯುವುದು ಅನುಮಾನ ಎಂದು ಡಾಕ್ಟರು ಮೊದಲೇ ಹೇಳಿದ್ದರು. ನನ್ನ ಗಂಡ, ಆಫೀಸಿನವರು ಬೇಡವೆಂದು ಕೊಟ್ಟಿದ್ದ ಹಳೆಯ ಲ್ಯಾಪ್‌ಟಾಪಿಗೆ ಮೈಕು ಸಿಕ್ಕಿಸಿ, ಅಮ್ಮನನ್ನು ಕೂರಿಸಿಕೊಂಡು ಮೂವತ್ತೆರಡು ಹಾಡು ರೆಕಾರ್ಡ್ ಮಾಡಿದರು. ಆಪರೇಷನ್ ಆಯಿತು, ದನಿ ಹೋಯಿತು. ಅತ್ತೆ ಸ್ಲೇಟು ಬಳಪ ಹಿಡಿದರು. ಬೈಗುಳವೇನೂ ನಿಲ್ಲಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಸ್ಲೇಟು ಊಟದ ಮೇಜಿಗೇ ಬರುತ್ತಿತ್ತು.

ಮುಂದಿನ ವರ್ಷ ನಾದಿನಿಗೆ ಹೆಣ್ಣುಮಗು ಹುಟ್ಟಿತು. "ತೊಟ್ಟಿಲ ಶಾಸ್ತ್ರಕ್ಕೆ ನನ್ನ ಹಾಡು ಹಾಕು" ಎಂದು ಅತ್ತೆ ಮಗನಿಗೆ ಬರೆದು ತೋರಿಸಿದರು. ಅವರು ಅಷ್ಟು ಆಸೆಯಿಂದ ಏನನ್ನಾದರೂ ಕೇಳಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಗಂಡ ಬೀರುವಿನಿಂದ ಲ್ಯಾಪ್‌ಟಾಪ್ ತೆಗೆದು ಆನ್ ಮಾಡಿದರು. ಒಳಗಿನಿಂದ ಕಟ್ ಕಟ್ ಎಂಬ ಸದ್ದು, ಪರದೆ ಕಪ್ಪು. ಹಾಡುಗಳು ಬೇರೆಲ್ಲೂ ಇರಲಿಲ್ಲ.

ನಾಲ್ಕನೇ ಬ್ಲಾಕಿನಿಂದ ರಿಪೇರಿಯವರು ಮನೆಗೆ ಬಂದರು. ಹಾರ್ಡ್ ಡಿಸ್ಕ್ ಬಿಚ್ಚಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ನಮ್ಮ ಫ್ರೀಜರಿನಲ್ಲಿಟ್ಟರು. ತಣ್ಣಗಾದರೆ ಕೆಲವೊಮ್ಮೆ ಏಳುತ್ತದಂತೆ. ಇದೇನು ಅವತಾರ ಎಂದು ಅತ್ತೆ ಹುಬ್ಬು ಗಂಟಿಕ್ಕಿದರು. "ಆಫೀಸಿನ ಫೈಲು ಅಮ್ಮ. ನಿನ್ನ ಹಾಡೆಲ್ಲ ಸೀಡಿಯಲ್ಲಿ ಭದ್ರವಾಗಿದೆ" ಎಂದು ಗಂಡ ಸುಳ್ಳು ಹೇಳಿದರು. ನಿಜ ತಿಳಿದರೆ ಅವರು ಊಟ ಬಿಡುತ್ತಾರೆಂಬ ಭಯ.

ಸಂಜೆಗೆ ಲ್ಯಾಪ್‌ಟಾಪ್ ಹೇಗೋ ಎದ್ದಿತು. ರಿಪೇರಿಯವರು ಇನ್ನೊಂದು ಡಿಸ್ಕಿಗೆ ಕಾಪಿಗೆ ಹಾಕಿ, ಗಂಡ ಹೊರಗೆ ಹೋಗಿದ್ದರಿಂದ ನನ್ನನ್ನೇ ಕರೆದು ಹೇಳಿದರು. "ಮೇಡಂ, ತುಂಬಾ ನಿಧಾನಕ್ಕೆ ಹೋಗುತ್ತೆ. ಎಲ್ಲಾ ಆಗೋಕೆ ಎರಡು ದಿನ ಬೇಕಾಗಬಹುದು. ಯಾವ ಕಾರಣಕ್ಕೂ ಆಫ್ ಮಾಡ್ಬೇಡಿ. ಆಫ್ ಮಾಡಿದ್ರೆ ಇನ್ನೊಂದ್ಸಲ ಏಳುತ್ತೆ ಅಂತ ನಾನು ಹೇಳಲ್ಲ."

ಮಾರನೆಯ ದಿನ ಆಯುಧಪೂಜೆ. ನಮ್ಮ ಮನೆಯಲ್ಲಿ ಆ ದಿನ ಅಡುಗೆ ಮುಗಿದ ಮೇಲೆ ಯಾವ ಸಲಕರಣೆಯೂ ದುಡಿಯುವ ಹಾಗಿಲ್ಲ. ಈಳಿಗೆಮಣೆ, ಕತ್ತರಿ, ಮಿಕ್ಸಿ, ಹೊಲಿಗೆ ಮಿಷನ್ ಎಲ್ಲವನ್ನೂ ಒರೆಸಿ ಪೂಜೆಗಿಟ್ಟರೆ ಮರುದಿನದವರೆಗೆ ಮುಟ್ಟಬಾರದು. ಗಂಡ ಆಫೀಸಿನ ಪೂಜೆಗೆ ಹೋಗಿದ್ದರು. ನಾನು ಒಬ್ಬಟ್ಟು ತಟ್ಟುತ್ತಿದ್ದೆ. ಒಂದರ ಹೂರಣ ಹೊರಗೆ ಬಂತು. ಅತ್ತೆ ಸ್ಲೇಟನ್ನು ನನ್ನ ಮುಖಕ್ಕೆ ಹಿಡಿದರು: "ನಿಮ್ಮಮ್ಮ ಇದನ್ನೂ ಕಲಿಸದೇ ಹೋದಳಾ?"

ನನ್ನ ಅಮ್ಮ ತೀರಿಕೊಂಡು ಎಂಟು ತಿಂಗಳಾಗಿತ್ತು.

ಸ್ವಲ್ಪ ಹೊತ್ತಿಗೆ ಅವರು ಲ್ಯಾಪ್‌ಟಾಪಿನ ಮುಂದೆ ನಿಂತು ನನ್ನನ್ನು ಕೈಸನ್ನೆಯಿಂದ ಕರೆದು ಸ್ಲೇಟು ತೋರಿಸಿದರು. "ಇದನ್ನೂ ಆಫ್ ಮಾಡಿ ಪೂಜೆಗಿಡು."

"ಮಾಡಲೇಬೇಕಾ ಅತ್ತೆ?" ಎಂದು ಒಂದೇ ಒಂದು ಸಲ ಕೇಳಿದೆ.

ಅವರು ಬರೆದದ್ದರ ಕೆಳಗೆ ಎರಡು ಗೆರೆ ಎಳೆದರು.

ನಿಮ್ಮ ಹಾಡು ಇದರಲ್ಲೇ ಇದೆ ಎಂದಿದ್ದರೆ ಸಾಕಿತ್ತು. "ಸರಿ, ನೀವು ಹೇಳಿದ ಹಾಗೆ" ಎಂದು ಗುಂಡಿ ಒತ್ತಿ ಹಿಡಿದೆ. ದೀಪ ಆರಿತು. ಅತ್ತೆ ಮುಚ್ಚಳಕ್ಕೆ ಗಂಧ ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟು ಕೈಮುಗಿದರು. ಪಕ್ಕದಲ್ಲಿ ನಾನೂ ಮುಗಿದೆ. ಆ ಗಳಿಗೆ ನನಗೆ ಆದ ಸಂತೋಷವನ್ನು ಸುಳ್ಳೆನ್ನಲಾರೆ. ಒಳ್ಳೆಯ ಸೊಸೆಯ ಹಾಗೆ ಹೇಳಿದ್ದನ್ನು ಮಾಡಿದ್ದೆ.

ಮರುದಿನ ಗಂಡ ಏನು ಮಾಡಿದರೂ ಅದು ಏಳಲಿಲ್ಲ. ಫ್ರೀಜರಿನಲ್ಲಿ ಮತ್ತೆ ಇಟ್ಟದ್ದೂ ದಂಡವಾಯಿತು. ಕಾಪಿಯಾಗಿದ್ದೆಲ್ಲ ಆಫೀಸಿನ ಹಳೆಯ ಫೈಲು, ರೆಕಾರ್ಡಿಂಗ್ ಒಂದೇ, ಅದೂ ಮೊದಲ ದಿನ ಮೈಕು ಪರೀಕ್ಷೆಗೆ ಮಾಡಿದ್ದು. ಅದರಲ್ಲಿ ಅತ್ತೆಯ ದನಿ ಗಟ್ಟಿಯಾಗಿತ್ತು: "ಆ ಕುಕ್ಕರ್ ಇಳಿಸೇ, ಎಷ್ಟು ಸಲ ಹೇಳ್ಬೇಕು ನಿಂಗೆ?"

"ಯಾರು ಆಫ್ ಮಾಡಿದ್ದು?" ಗಂಡ ಕೇಳಿದರು.

"ಅಮ್ಮ ಮಾಡಿಸಿದ್ರು, ಪೂಜೆಗೆ" ಎಂದೆ. ಆಗ ಅವರು ಅಮ್ಮನಿಗೆ ನಿಜ ಹೇಳಬೇಕಾಯಿತು. ಅತ್ತೆ ಮುಚ್ಚಳದ ಮೇಲಿನ ಕುಂಕುಮವನ್ನೇ ನೋಡುತ್ತಾ ಕೂತರು. ಗಂಡ ಫೋನು ಮಾಡಲು ಹೊರಗೆ ಹೋದಾಗ ನನಗೆ ಬರೆದು ತೋರಿಸಿದರು: "ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು" ಎಂದೆ.

ಮಗ ಒಳಗೆ ಬರುವಷ್ಟರಲ್ಲಿ ಅವರು ಅದನ್ನು ಸೆರಗಿನಲ್ಲಿ ಒರೆಸಿಬಿಟ್ಟಿದ್ದರು. ಅವನಿಗೆ ಎಂದೂ ಹೇಳಲಿಲ್ಲ. ನನ್ನ ಅಡುಗೆಗೆ ಹೆಸರಿಡುವುದನ್ನೂ ಅಂದೇ ನಿಲ್ಲಿಸಿದರು.

ಎರಡು ವಾರಕ್ಕೆ ತೊಟ್ಟಿಲ ಶಾಸ್ತ್ರ. ಮಗುವನ್ನು ತೊಟ್ಟಿಲಿಗೆ ಹಾಕಿದ ಮೇಲೆ ಹಾಡು ಯಾರದು ಎಂದು ಹೆಂಗಸರು ಮುಖ ಮುಖ ನೋಡಿಕೊಂಡರು. ಅಷ್ಟು ವರ್ಷ ಅಡುಗೆಮನೆಯಿಂದ ಕೇಳಿ ಕೇಳಿ ಮೂವತ್ತೆರಡು ಹಾಡೂ ನನಗೆ ಬಾಯಿಪಾಠವಾಗಿದ್ದವು. ಅದು ಅತ್ತೆಗೂ ಗೊತ್ತಿತ್ತು. ಎಲ್ಲರ ಎದುರಿಗೆ ಅವರು ಸ್ಲೇಟನ್ನು ನನ್ನತ್ತ ತಿರುಗಿಸಿದರು. "ನೀನು ಹಾಡಮ್ಮ" ಎಂದಿತ್ತು. ಅವರು ನನ್ನನ್ನು ಎಂದೂ ಅಮ್ಮ ಎಂದವರಲ್ಲ.

"ನಂದು ಒಡೆದ ಮಡಕೆ ಅಲ್ವಾ ಅತ್ತೆ" ಎಂದೆ.

ಹೆಂಗಸರು ಮತ್ತೆ ನಕ್ಕರು. ಹಾಡಿಲ್ಲದೆಯೇ ತೊಟ್ಟಿಲು ತೂಗಿದರು. ಅತ್ತೆ ಆ ಸ್ಲೇಟನ್ನು ಒರೆಸದೆ ಬಹಳ ಹೊತ್ತು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಆಮೇಲೆ ಅವರು ಒಂಬತ್ತು ವರ್ಷ ಬದುಕಿದ್ದರು, ನಾನು ಒಂದು ದಿನವೂ ಹಾಡಲಿಲ್ಲ.