ದೊಡ್ಡವ್ವನ ಮೋಟಾರು ಕುಡಿದ ಕುಸುಬಿ ಎಣ್ಣೆ

ನಮ್ಮ ದೊಡ್ಡವ್ವ, ಅಂದರೆ ನನ್ನ ಅವ್ವನ ಅಕ್ಕ, ಗಂಡನನ್ನು ಕಳೆದುಕೊಂಡಾಗ ಆತನ ಕಡೆಯ, ಹಿರೇಕೆರೂರಿನ ದೊಡ್ಡ ಮನೆಯವರು ಆಕೆಗೆ ಎರಡು ಆಸ್ತಿ ಬಿಟ್ಟುಕೊಟ್ಟರು. ಒಂದು ಅಡುಗೆಮನೆ, ಇನ್ನೊಂದು ಆಕೆಯ ಗಂಡ ಹತ್ತಿ ವ್ಯಾಪಾರದ ಹುಮ್ಮಸ್ಸಿನಲ್ಲಿ ಕೊಂಡಿದ್ದ ಹಳೆಯ ಮೋಟಾರು. ಮೊದಲನೆಯದನ್ನು ಪ್ರೀತಿಯಿಂದ ಕೊಟ್ಟರು, ಎರಡನೆಯದನ್ನು ಯಾರಿಗೂ ಬೇಡವಾದದ್ದಕ್ಕೆ ಕೊಟ್ಟರು. ಆ ತುಂಬು ಮನೆಗೆ ಕೆಲವು ವರ್ಷ ರೊಟ್ಟಿ ಬಡಿದ ಮೇಲೆ ಆಕೆ ಒಂದು ಮುಂಜಾನೆ ಅಡುಗೆಮನೆಯನ್ನು ಅವರಿಗೇ ಬಿಟ್ಟು, ಮೋಟಾರು ತೆಗೆದುಕೊಂಡು ಹಾನಗಲ್ಲಿಗೆ ಬಂದಳು. ಓಡಿಸಲು ನಾನಿದ್ದೆ. ಶಿಗ್ಗಾಂವಿ, ಸವಣೂರು ಕಡೆಗೆ ಬಾಡಿಗೆ ಹೊಡೆಯತೊಡಗಿದೆವು. ಮೋಟಾರು ಓಡುವವರೆಗೆ ಆಕೆ ತನ್ನ ಮನೆಯ ಯಜಮಾನಿ, ಅದು ನಿಂತರೆ ಮತ್ತೆ ಆ ಒಲೆಯ ಮುಂದೆ. ಇದು ಆಕೆಗೂ ಗೊತ್ತಿತ್ತು, ಆಕೆಯ ಮೈದುನನಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು.

ಎಣ್ಣೆಯ ಪಾತ್ರೆ ಪೂರ್ತಿ ಬರಿದಾಗಬಾರದು ಎಂಬುದು ದೊಡ್ಡವ್ವನ ನೇಮ. ತಳದಲ್ಲಿ ಒಂದಿಷ್ಟು ಇರುವಾಗಲೇ ಹೊಸದು ಸುರಿಯಬೇಕು, ಇಲ್ಲದಿದ್ದರೆ ಲಕ್ಷ್ಮಿ ಎದ್ದು ಹೋಗುತ್ತಾಳೆ. ನಮ್ಮ ಓಣಿಯ ಹೆಂಗಸರೆಲ್ಲ ಹಾಗೇ ಮಾಡುವವರು. ಆದರೆ ಅವರ ಪಾತ್ರೆಗಳೆಲ್ಲ ಅಡುಗೆಮನೆಯಲ್ಲಿದ್ದವು, ದೊಡ್ಡವ್ವನದೊಂದು ಇಂಜಿನ್ನಿನ ಕೆಳಗಿತ್ತು. ಹಳೆಯ ಎಣ್ಣೆ ಇಳಿಸಬೇಕೆಂದು ನಾನು ಎಷ್ಟೋ ಸಲ ಕೂಗಾಡಿದೆ.

“ಇದ್ದದ್ದನ್ನ ಚೆಲ್ಲಾಕ ನಿಮ್ಮಪ್ಪ ಗಾಣ ಇಟ್ಟಾನೇನು? ಮ್ಯಾಲೆ ಸುರುವು,” ಅನ್ನುತ್ತಿದ್ದಳು.

ಯುದ್ಧ ಬಂದು ಇಂಜಿನ್ ಎಣ್ಣೆ ಸಿಗದಾದಾಗ ಕುಸುಬಿ ಎಣ್ಣೆಯನ್ನೇ ಸುರಿಸಿದಳು. ಗಾಣದ ಎಣ್ಣೆ, ಕಲಬೆರಕೆ ಇಲ್ಲದ್ದು. ಮನುಷ್ಯರು ತಿನ್ನುವುದನ್ನು ತಿನ್ನಲು ಮೋಟಾರಿಗೆ ಏನು ಧಾಡಿ ಎಂಬುದು ಆಕೆಯ ವಾದ. ಕೆಲವು ದಿನ ಮೋಟಾರಿನ ಹಿಂದೆಲ್ಲ ಒಗ್ಗರಣೆಯ ವಾಸನೆ ಬರುತ್ತಿತ್ತು, ಕೂತವರಿಗೆ ದಾರಿಯಲ್ಲೇ ಹಸಿವಾಗುತ್ತಿತ್ತು.

ಒಂದು ದಿನ ಶಿಗ್ಗಾಂವಿ ದಾಟಿ ತಡಸದ ಕಡೆ ಹೊರಟಿದ್ದಾಗ ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಇಳಿಯುತ್ತ ಇಳಿಯುತ್ತ ಸೊನ್ನೆಗೆ ಬಿತ್ತು. ಇಂಜಿನ್ನಿನೊಳಗೆ ಕಟಕಟ ಸದ್ದು ಶುರುವಾಯಿತು. ತಕ್ಷಣ ನಿಲ್ಲಿಸಿದೆ. ಕೂತವರು ನನ್ನ ವಂಶವನ್ನೆಲ್ಲ ನೆನೆಯುತ್ತ ನಡೆದು ಹೋದರು, ನಾನು ಯಾರದೋ ಚಕ್ಕಡಿ ಗಾಡಿಗೆ ಮೋಟಾರು ಕಟ್ಟಿ ಹಾನಗಲ್ಲಿಗೆ ಎಳೆಸಿಕೊಂಡು ಬಂದೆ. ಸುದ್ದಿ ನಮ್ಮ ಮೋಟಾರಿಗಿಂತ ಬೇಗ ಹಿರೇಕೆರೂರು ಮುಟ್ಟಿತು. ಮೈದುನ ಮುಖದ ತುಂಬ ದುಃಖ ಹೊತ್ತುಕೊಂಡು ಬಂದ.

“ವೈನಿ, ಸತ್ತ ಮೋಟಾರ ಇಟಗೊಂಡು ಏನ ಮಾಡ್ತೀರಿ? ರವಿವಾರ ಎತ್ತು ತರ್ತೇನಿ, ಎಳಕೊಂಡು ಹೋಗೂಣು. ನೀವೂ ಬಂದಬಿಡ್ರಿ. ನಿಮ್ಮ ಕೈ ರೊಟ್ಟಿ ಇಲ್ದ ಮನ್ಯಾಗ ಯಾರಿಗೂ ಊಟ ಸೇರವಲ್ದು.”

ಅವನು ಹೋದ ಮೇಲೆ ದೊಡ್ಡವ್ವ ಮೋಟಾರಿನ ಹತ್ತಿರ ಬಂದು ನನ್ನನ್ನು ಕೇಳಿದಳು: “ತಮ್ಮಾ, ಖರೇನ ಸತ್ತೈತೇನು?”

“ಸತ್ತಿಲ್ಲ ಬೇ. ತಳದಾಗಿನ ಎಣ್ಣಿ ಹೀರಾಕ ಜರಡಿಯಂಥಾ ಒಂದು ಜಾಳಗಿ ಇರತೈತಿ, ಅದಕ್ಕ ರಾಡಿ ಕಟ್ಟೈತಿ. ಎಣ್ಣಿ ಮ್ಯಾಲೆ ಏರವಲ್ದು. ಪೂರಾ ಇಳಿಸಿ ತಳ ಬಿಚ್ಚಿ ತೊಳೀಬೇಕು.”

‘ಪೂರಾ’ ಅಂದದ್ದಕ್ಕೆ ಆಕೆ ಮುಖ ತಿರುಗಿಸಿದಳು. ಮಾತಾಡಿ ಉಪಯೋಗವಿಲ್ಲವೆಂದು ನಾನು ಮೋಟಾರಿನ ಕೆಳಗೆ ತೂರಿ ಎಣ್ಣೆ ಇಳಿಸುವ ಬಿರಡೆ ಬಿಚ್ಚಿದೆ. ಎಣ್ಣೆ ಸುರಿಯಲಿಲ್ಲ. ಕಾಕಂಬಿಯಂಥದೊಂದು ಮುದ್ದೆ ತೂತಿನಿಂದ ಇಣುಕಿ, ಅಲ್ಲೇ ಕೂತಿತು. ದೊಡ್ಡವ್ವ ಬಗ್ಗಿ ಅದನ್ನು ಬೆರಳಿಗೆ ಹಚ್ಚಿಕೊಂಡು ಉಜ್ಜಿದಳು. ಕುಸುಬಿ ಎಣ್ಣೆಯ ಡಬ್ಬಿಯ ಅಂಚಿಗೆ ಕಟ್ಟುವ ಅಂಟು ಆಕೆಗೆ ಗೊತ್ತಿಲ್ಲದ್ದೇನು!

“ಇದು ನನ್ನ ಡಬ್ಬಿ ಅಂಟ ಐತಲ್ಲೋ,” ಅಂದಳು. ಕಣ್ಣಲ್ಲಿ ನೀರು ಬಂದಿತ್ತು. ಆಮೇಲೆ, “ಬಿಚ್ಚು,” ಅಂದಳು.

ಹೊಸ ಇಂಜಿನ್ ಎಣ್ಣೆಯನ್ನು ಗುರುತಿನ ಲಾರಿಯವನೊಬ್ಬ ಹುಬ್ಬಳ್ಳಿಯಲ್ಲಿ ಹೇಗೋ ಹೊಂದಿಸಿ ತಂದುಕೊಟ್ಟ. ತಂದದ್ದು ಶನಿವಾರ. ಶನಿವಾರ ಮನೆಗೆ ಎಣ್ಣೆ ತರಬಾರದು! ನಾಳೆ ಎತ್ತು ಬರುತ್ತವೆ, ಇವತ್ತು ಶನಿಯ ಮಾತು ಕೇಳುತ್ತೀಯಾ ಎಂದು ನಾನು ಬಾಯಿಗೆ ಬಂದಂತೆ ಅಂದೆ. ಆಕೆ ಅಂಗಳದಲ್ಲಿದ್ದ ಮೋಟಾರನ್ನು ಓಣಿಗೆ ತಳ್ಳಿಸಿದಳು.

“ಮನಿಗೆ ಎಣ್ಣಿ ತರೂದ ಬ್ಯಾಡ. ಮೋಟಾರ ಹೊರಗ ಬರಲಿ,” ಅಂದಳು. ಶನಿದೇವರು ಇದಕ್ಕೆ ತಕರಾರು ಮಾಡಿದ್ದು ನನಗೆ ಗೊತ್ತಿಲ್ಲ.

ನಾನು ತಳದ ತಗಡನ್ನು ಬಿಚ್ಚಿ ಇಳಿಸಿದೆ. ದೊಡ್ಡವ್ವ ಸೀರೆ ಮೇಲೆತ್ತಿ ಕಟ್ಟಿ, ಕರಟದ ಚೂರಿನಿಂದ ಆ ಕಪ್ಪು ರಾಡಿಯನ್ನು ಕೆರೆದಳು. ದೀಪಕ್ಕಿಟ್ಟಿದ್ದ ಚಿಮಣಿ ಎಣ್ಣೆಯಲ್ಲಿ ಜಾಳಿಗೆ ತೊಳೆದಳು, ಅರಿವೆಯಿಂದ ಒರೆಸಿದಳು, ಮತ್ತೆ ತೊಳೆದಳು. ಎಣ್ಣೆ ಸೋರದಂತೆ ಸಂದಿಗೆ ಕೂರಿಸಲು ರಟ್ಟು ಬೇಕೆಂದಾಗ ಹೋದ ವರ್ಷದ ಕ್ಯಾಲೆಂಡರಿನ ರಟ್ಟು ಹರಿದುಕೊಟ್ಟಳು. ಓಣಿಯ ಹೆಂಗಸರು ನೆರೆದರು.

“ಗಂಡಿಲ್ಲದಾಕಿ ಶನಿವಾರ ಎಣ್ಣಿ ಪಾತ್ರಿ ಬರಿದು ಮಾಡಾಕತ್ತಾಳ. ಮನಿಗೆ ಒಳ್ಳೇದಾಗತೈತೇನು?” ಎಂದು ಒಬ್ಬಾಕೆ ಗೊಣಗಿದಳು.

ದೊಡ್ಡವ್ವ ಒಂದು ಮುಷ್ಟಿ ರಾಡಿ ಎತ್ತಿ ಹಿಡಿದಳು. “ಒಳ್ಳೇದಾಗಲೆಂತ ಇಷ್ಟು ದಿನ ಕೂಡಿಸಿಟ್ಟದ್ದು ಇದ ನೋಡವ್ವ. ಒಂದೀಟು ಒಯ್ತೀಯೇನು?”

ಆಕೆ ಒಯ್ಯಲಿಲ್ಲ. ನನಗೆ ಆ ದಿನ ದೊಡ್ಡವ್ವನ ಮೇಲೆ ಎಂದೂ ಇಲ್ಲದ ಅಭಿಮಾನ ಬಂತು. ಕತ್ತಲಾಗುವ ಮೊದಲೇ ತಗಡು ಕೂರಿಸಿ ಹೊಸ ಎಣ್ಣೆ ಸುರಿದೆ.

ರವಿವಾರ ಮೈದುನ ಬಾಡಿಗೆಯ ಎತ್ತು, ಹಗ್ಗ ಎಲ್ಲ ಸಜ್ಜು ಮಾಡಿಕೊಂಡು ಬಂದ. ನಾನು ಹ್ಯಾಂಡಲ್ ತಿರುವಿದೆ. ಇಂಜಿನ್ನು ಕೆಮ್ಮಿ ಎದ್ದಿತು, ಮುಳ್ಳು ಸ್ವಲ್ಪ ಅನುಮಾನಿಸಿ ಮೇಲೇರಿತು, ಇಂಜಿನ್ನು ಕಾದ ಮೇಲೂ ಇಳಿಯಲಿಲ್ಲ. “ಬಾಳ ಚಲೋ ಆತು,” ಅಂದ ಮೈದುನ. ಮುಖದಲ್ಲಿ ಮೊದಲು ಬಂದಾಗಿನ ದುಃಖವೇ ಇತ್ತು, ಈ ಸಲ ಮಾತ್ರ ನಿಜವಾದದ್ದು.

ಎತ್ತುಗಳನ್ನು ಅವುಗಳ ಆಳಿನ ಜೊತೆ ಕಳಿಸಿದ ಮೇಲೆ ಅವನೂ ಊರಿಗೆ ಮರಳಬೇಕಿತ್ತು, ನಮಗೂ ಆ ಕಡೆಯ ಬಾಡಿಗೆ ಸಿಕ್ಕಿತ್ತು. ದೊಡ್ಡವ್ವನೇ ಕರೆದು ಹತ್ತಿಸಿಕೊಂಡಳು. ಆಕೆ ಮುಂದೆ ನನ್ನ ಪಕ್ಕದಲ್ಲಿ ಕೂತಳು, ಅವನು ಹಿಂದೆ ಇಬ್ಬರು ಹತ್ತಿ ದಲಾಲರ ನಡುವೆ ಸಿಕ್ಕಿಕೊಂಡ. ಅರ್ಧ ದಾರಿಯಲ್ಲಿ ಅವನು ಮುಂದಕ್ಕೆ ಬಗ್ಗಿದ.

“ವೈನಿ, ಬರೂ ತಿಂಗಳ ಮಗಳ ಮದವಿ ಐತಿ. ಅಡಿಗಿಗೆ ನೀವು ಬರಬೇಕು ಮತ್ತ.”

ದೊಡ್ಡವ್ವ ಹಿಂತಿರುಗಿ ನೋಡಲಿಲ್ಲ.

“ಬರ್ತೇನ್ರಿ,” ಅಂದಳು. “ಪಂಕ್ತಿಯೊಳಗ ಕುಂತು ಉಣ್ಣಾಕ ಬರ್ತೇನಿ.”