ರೈಟ್ ಅನ್ನದೆ ಹೊರಡದ ಬಸ್ಸು

ಅಂಗೈಯಲ್ಲಿ ಅಡಗುವಷ್ಟು ಪುಟ್ಟ ನೀಲಿ ಬಸ್ಸು. ಮುಂಗಾಜಿನ ಕೆಳಗೆ ಕಂದಿದ ಕೆಂಪು ಕಲೆ. ರಾಜಾಜಿನಗರದಲ್ಲಿ ನಡೆದ ಆಟಿಕೆ ಸಂಗ್ರಹಕಾರರ ಮೇಳದಲ್ಲಿ ಅದನ್ನು ಕೈಗೆತ್ತಿಕೊಂಡ ಒಬ್ಬರು, “ಏನ್ ಸಾರ್ ಇದು, ತುಕ್ಕಾ?” ಎಂದು ನನ್ನ ತಮ್ಮನನ್ನು ಕೇಳಿದರು.

ತುಕ್ಕಂತೆ! ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಅದು ನಮ್ಮ ಡ್ರೈವರ್ ಮಾಮ ಇಟ್ಟ ಕುಂಕುಮ.

ಡ್ರೈವರ್ ಮಾಮ ಎಂದರೆ ಅತ್ತಿಗುಪ್ಪೆಯಲ್ಲಿ ನಮ್ಮ ಪಕ್ಕದ ಮನೆಯವರು. ಸಿಟಿ ಬಸ್ ಓಡಿಸುತ್ತಿದ್ದರು. ನೆಂಟಸ್ತಿಕೆ ಏನೂ ಇಲ್ಲ, ಆದರೂ ಬೀದಿಯ ಮಕ್ಕಳಿಗೆಲ್ಲ ಮಾಮ. ಆಯುಧಪೂಜೆಯ ದಿನ ಡಿಪೋದಲ್ಲಿ ತಮ್ಮ ಬಸ್ಸಿನ ಪೂಜೆ ಮುಗಿಸಿ ಅವರು ಖಾಕಿ ಬಟ್ಟೆಯಲ್ಲೇ ಮನೆಗೆ ಬರುವಷ್ಟರಲ್ಲಿ, ಅವರ ಜಗಲಿಯ ಮೇಲೆ ನಮ್ಮ ಬೀದಿಯ ಆಟದ ಗಾಡಿಗಳೆಲ್ಲ ಸಾಲಾಗಿ ನಿಂತಿರುತ್ತಿದ್ದವು. ಕಾರು, ಜೀಪು, ಚಕ್ರ ಕಳಚಿದ ಒಂದು ಲಾರಿ... ಮಾಮ ಒಂದನ್ನೂ ಬಿಡುತ್ತಿರಲಿಲ್ಲ. ಉದುರದಿರಲಿ ಎಂದು ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಕುಂಕುಮ. ನಿಂಬೆಹಣ್ಣು ಈ ಚಕ್ರಗಳಿಗೆ ದೊಡ್ಡದಾಯಿತೆಂದು ಕಪ್ಪು ದ್ರಾಕ್ಷಿ. ದೃಷ್ಟಿ ತೆಗೆಯಲು ಬೂದುಗುಂಬಳದ ಬದಲು ಗುಂಡು ಬದನೆಕಾಯಿ! ಅದನ್ನು ಕೊರೆದು, ಕುಂಕುಮ ತುಂಬಿ, ನಿವಾಳಿಸಿ ರಪ್ಪನೆ ನೆಲಕ್ಕೆ ಒಡೆಯುತ್ತಿದ್ದರು. ಎಣ್ಣೆಗಾಯಿಗೆ ತಂದದ್ದು ಹೋಯಿತಲ್ಲ ಎಂದು ಅವರ ಹೆಂಡತಿ, ನಮ್ಮ ಅತ್ತೆ, ಒಳಗಿಂದ ಗೊಣಗುತ್ತಿದ್ದರು. ಮಾಮ ಮಾತ್ರ ಅಪ್ಪಿತಪ್ಪಿಯೂ ನಗುತ್ತಿರಲಿಲ್ಲ.

ನನಗೆ ಗಾಡಿ ಇರಲಿಲ್ಲ. ಹೆಣ್ಣುಮಗುವಿಗೆ ಆಗ ಯಾರು ಕಾರು ಕೊಡಿಸುತ್ತಿದ್ದರು? ಅಡುಗೆ ಸೆಟ್ಟು, ಬಳೆ, ಅಷ್ಟೆ. ಮೊದಲ ವರ್ಷ ಅಳು ನುಂಗಿಕೊಂಡು ಕಂಬಕ್ಕೆ ಒರಗಿ ನಿಂತಿದ್ದೆ. ತಮ್ಮನ ನೀಲಿ ಬಸ್ಸು ಇನ್ನೇನು ದ್ರಾಕ್ಷಿಯ ಮೇಲೆ ಹತ್ತಬೇಕು, ಮಾಮ ಕೈ ಅಡ್ಡ ಹಿಡಿದರು.

“ತಡೀರೋ! ಕಂಡಕ್ಟರ್ ರೈಟ್ ಅನ್ನದೆ ಯಾವನೋ ಗಾಡಿ ಎತ್ತೋನು? ಬಾಮ್ಮ ಇಲ್ಲಿ, ಹೇಳು.”

ಗಂಡುಹುಡುಗರೆಲ್ಲ ನನ್ನ ಬಾಯನ್ನೇ ನೋಡುತ್ತಿದ್ದರು. ಗಂಟಲು ಹರಿಯುವಂತೆ “ರೈಟ್ ರೈಟ್!” ಎಂದೆ. ದ್ರಾಕ್ಷಿಗಳು ಪಚಕ್ಕನೆ ಒಡೆದವು. ಅಲ್ಲಿಂದ ಮುಂದೆ ನಾನು ಹೇಳದೆ ಆ ಜಗಲಿಯಿಂದ ಒಂದು ಗಾಡಿಯೂ ಹೊರಟಿಲ್ಲ. ಆ ಜಂಬ ನನಗೆ ಇಂದಿಗೂ ಇದೆ.

ಮದುವೆಯಾಗಿ ಬ್ಯಾಡರಹಳ್ಳಿಗೆ ಹೋದಮೇಲೂ ಆಯುಧಪೂಜೆಗೆ ತವರಿಗೆ ಬರುತ್ತಿದ್ದೆ. ಒಂದು ವರ್ಷ ಬಂದಾಗ ಮಾಮ ವೀಲ್‌ಚೇರಿನಲ್ಲಿದ್ದರು. ಮಾತು ನಿಂತುಹೋಗಿತ್ತು. ಅತ್ತೆ ಅದರ ಹಿಡಿಗೆ ಚೆಂಡುಹೂ ಕಟ್ಟಿ, ಚಕ್ರಗಳ ಕೆಳಗೆ ನಿಜವಾದ ನಿಂಬೆಹಣ್ಣೇ ಇಟ್ಟಿದ್ದರು. ಆದರೆ ಎಷ್ಟು ತಳ್ಳಿದರೂ ಕುರ್ಚಿ ಕದಲಲೊಲ್ಲದು. ನೋಡಿದರೆ, ಮಾಮ ಬ್ರೇಕ್ ಒತ್ತಿ ಹಿಡಿದು ನನ್ನನ್ನೇ ನೋಡುತ್ತಿದ್ದಾರೆ...

“ರೈಟ್, ಮಾಮ” ಎಂದೆ. ಬ್ರೇಕ್ ಬಿಟ್ಟರು.

ಮುಂದಿನ ಆಯುಧಪೂಜೆಗೆ ಅವರಿರಲಿಲ್ಲ.

ನನ್ನ ತಮ್ಮ ಈಗ ಪೊಟ್ಟಣ ಒಡೆಯದ ಕಾರುಗಳನ್ನು ಗಾಜಿನ ಬೀರುವಿನಲ್ಲಿಟ್ಟು ಕಾಯುವವನು. ಒಂದು ಗೀರು ಬಿದ್ದರೂ ಅವನಿಗೆ ಊಟ ಸೇರುವುದಿಲ್ಲ. ಹಳೆಯ ಆಟಿಕೆಗಳನ್ನು ಕೊಟ್ಟು ಬೀರುವಿಗೆ ಹೊಸದನ್ನು ತರಬೇಕೆಂದು ಮೇಳದಲ್ಲಿ ಮೇಜು ಹಾಕಿದ್ದ. ಜೊತೆಗಿರಲಿ ಎಂದು ಹೋದವಳು ನಾನು. ಆ ಹಳೆಯದರಲ್ಲಿ ನೀಲಿ ಬಸ್ಸೂ ಇದೆಯೆಂದು ಆ ಕ್ಷಣದವರೆಗೆ ನನಗೆ ಗೊತ್ತಿರಲಿಲ್ಲ.

“ಒರೆಸಿದ್ರೆ ಹೋಗುತ್ತೆ ಬಿಡಿ” ಎಂದು ಬಂದವರು ಒದ್ದೆ ಟಿಶ್ಯೂ ತೆಗೆದರು. ನಾನು ಬಾಯಿ ತೆರೆಯುವ ಮೊದಲೇ ತಮ್ಮ ಅವರ ಕೈ ಹಿಡಿದುಕೊಂಡ.

“ಬೇಡ ಸಾರ್... ಸಾರಿ, ಇದು ಕೊಡಲ್ಲ.”

ಅವರು ಪಕ್ಕದ ಮೇಜಿಗೆ ಹೋದರು. ನನ್ನ ತಮ್ಮ ಬಸ್ಸನ್ನು ಮೇಜಿನ ತುದಿಯಲ್ಲಿಟ್ಟು ಅದರ ನೆತ್ತಿಯ ಮೇಲೆ ಬೆರಳೂರಿದ. ಮೀಸೆ ನರೆತ ಗಂಡಸು. ಎದುರಿಗೆ ಕಾಮಿಕ್ಸ್ ವೀರರ ವೇಷ ಹಾಕಿದ ಹುಡುಗರು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವನು ನನ್ನ ಕಡೆ ತಿರುಗಿ, “ಹೇಳೇ ಅಕ್ಕ” ಎಂದ.

ಮಾಮ ಹೋದಮೇಲೆ ಆ ಮಾತನ್ನು ನಾನು ಆಡಿರಲಿಲ್ಲ. ಕೈ ಅಡ್ಡ ಹಿಡಿಯಲು ಅವರಿಲ್ಲವಲ್ಲ ಎಂದು ಅಳು ಒತ್ತರಿಸಿ ಬಂತು. ತಮ್ಮ ಬೆರಳು ಕದಲಿಸದೆ ಕಾದ.

ಕೊನೆಗೆ ಹೇಳಿದೆ. ಬಸ್ಸು ಹೊರಟಿತು.