ಫೋರ್‌ಸೈಟಿಗೆ ಹಚ್ಚಿದ ಕೆಂಪು

ಗಂಡ ಹೋದ ಮೇಲಿನ ಮೊದಲ ವಾರ್ಷಿಕ ಫೈರಿಂಗಿನಲ್ಲಿ ನನ್ನ ಗುಂಡುಗಳು ಗುರಿ ತಪ್ಪಿದವು. ಒಂದೆರಡು ಹಲಗೆಯ ಅಂಚಿಗೆ ತಾಗಿದ್ದವು, ಉಳಿದವು ಹಿಂದಿನ ಮಣ್ಣಿನ ದಿಬ್ಬ ಸೇರಿದ್ದವು.

ನಾನು ಪೊಲೀಸ್ ಇಲಾಖೆಯಲ್ಲಿ ಎಎಸ್‌ಐ. ಕಾನ್‌ಸ್ಟೇಬಲ್ ಆಗಿ ಸೇರಿ ದೊಡ್ಡಬಳ್ಳಾಪುರದ ಸುತ್ತಮುತ್ತಲೇ ಕೆಲಸ ಮಾಡಿಕೊಂಡು ಬಂದವಳು. ಪಿಸ್ತೂಲು ಹಿಡಿದರೆ ಕೈ ಅಲುಗುವುದಿಲ್ಲ ಎಂದು ಹೆಸರಿತ್ತು. ನನ್ನ ಗಂಡ ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರಲ್ಲಿ ಮೆಷಿನ್ ನಡೆಸುತ್ತಿದ್ದರು. ಬೆಳಗಿನ ಶಿಫ್ಟಿಗೆಂದು ಬೈಕಿನಲ್ಲಿ ಹೋದವರು ಗೇಟಿನ ಬಳಿ ಎದೆ ಹಿಡಿದುಕೊಂಡು ಕುಳಿತರಂತೆ. ನಾನು ಆಸ್ಪತ್ರೆ ತಲುಪುವ ಹೊತ್ತಿಗೆ ಮುಖದ ಮೇಲೆ ಬಟ್ಟೆ ಎಳೆದಿದ್ದರು. ಎಷ್ಟೋ ಹೆಣಗಳ ಪಕ್ಕ ಡ್ಯೂಟಿಗೆ ನಿಂತವಳು ನಾನು. ಅವತ್ತೂ ಹಾಗೇ ನಿಂತೆ, ಕೈ ಹಿಂದೆ ಕಟ್ಟಿಕೊಂಡು. ಅಳು ಬರಲಿಲ್ಲ. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ನೆಂಟರು ಕಾದರು. ತಿಥಿ ಮುಗಿಸಿ ಡ್ಯೂಟಿಗೆ ಹೋದಾಗ ಠಾಣೆಯಲ್ಲಿ ಗಟ್ಟಿ ಹೆಂಗಸು ಎಂದರು. ಅದು ಗಟ್ಟಿತನವಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿದ ದವಡೆ ಹೇಗಿರುತ್ತದೆ? ಇದೆ ಎಂದು ಗೊತ್ತು, ಮುಟ್ಟಿದರೆ ಗೊತ್ತಾಗುವುದಿಲ್ಲ. ಹಾಗಿತ್ತು.

ಫೈರಿಂಗಿನ ದಿನ ನಮ್ಮ ಆರ್ಮರರ್ ಬಂದು ಹಲಗೆ ನೋಡಿದರು. ಆಯುಧಗಳ ಉಸ್ತುವಾರಿ ನೋಡಿಕೊಳ್ಳುವ ಹೆಡ್ ಕಾನ್‌ಸ್ಟೇಬಲ್ ಅವರು, ನಿವೃತ್ತಿಗೆ ಹತ್ತಿರ. ನಾನು ಅಣ್ಣ ಎನ್ನುತ್ತೇನೆ.

"ಏನ್ ಮೇಡಂ, ಹಿಂಗ್ ಹೊಡ್ದಿದೀರಾ? ಫೋರ್‌ಸೈಟ್ ಕಾಣಿಸ್ತಾ?"

ಫೋರ್‌ಸೈಟ್ ಎಂದರೆ ಪಿಸ್ತೂಲಿನ ನಳಿಕೆಯ ತುದಿಯ ಮೇಲಿರುವ ಸಣ್ಣ ಗೂಟ. ಹಿಂದಿನ ಸೀಳಿನಲ್ಲಿ ಅದನ್ನು ಕೂರಿಸಿಕೊಂಡು ಗುರಿ ಹಿಡಿಯಬೇಕು. ಗೂಟವೂ ಕಪ್ಪು, ಹಲಗೆಯ ಮೇಲಿನ ಮನುಷ್ಯಾಕಾರವೂ ಕಪ್ಪು. ಯೋಚಿಸಿ ನೋಡಿದೆ. ಕಂಡಿರಲಿಲ್ಲ. ಆಗ ಯಾವುದೂ ಸರಿಯಾಗಿ ಕಾಣುತ್ತಿರಲಿಲ್ಲ, ಹಾಗಾಗಿ ಇದು ಕಣ್ಣಿನ ತೊಂದರೆ ಎಂದು ನನಗೆ ಹೊಳೆದಿರಲಿಲ್ಲ.

"ಇಲ್ಲ ಅಣ್ಣ."

"ಚಾಳೀಸು ಬಂದಿದೆ ನಿಮಗೆ."

ಫೈರಿಂಗ್ ನಡೆಸುತ್ತಿದ್ದ ಸಾಹೇಬರು ಮುಂದಿನ ವಾರ ಇನ್ನೊಮ್ಮೆ ಹೊಡೆಯಿರಿ, ಆಗಲೂ ಹೀಗಾದರೆ ಮೇಲಕ್ಕೆ ಬರೆಯಬೇಕಾಗುತ್ತದೆ ಎಂದರು. ಸರಿ ಸರ್ ಎಂದೆ. ಹೆದರಿಕೆಯಾಗಲಿಲ್ಲ, ನಾಚಿಕೆಯೂ ಆಗಲಿಲ್ಲ.

ಜೀಪಿನ ಹತ್ತಿರ ಅಣ್ಣ ಮೆಲ್ಲಗೆ ಹೇಳಿದರು. "ಕನ್ನಡಕ ಮಾಡ್ಸೋದು ಮಾಡ್ಸಿ. ಸದ್ಯಕ್ಕೆ ಆ ತುದಿಗೆ ಬಣ್ಣ ಹಚ್ಚೋಣ. ಒಂದು ಕೆಂಪು ನೈಲ್ ಪಾಲಿಶ್ ತಗೊಂಬನ್ನಿ, ಅದನ್ನ ತೆಗೆಯೋ ಎಣ್ಣೆನೂ ತನ್ನಿ."

"ಪೇಂಟ್ ಆಗಲ್ವಾ?"

"ಪೇಂಟ್ ಆದ್ರೆ ಕೆರೀಬೇಕು, ಸರ್ಕಾರಿ ಮಾಲು. ಇದಾದ್ರೆ ಒರೆಸಿದ್ರೆ ಹೋಗುತ್ತೆ. ಸಾಹೇಬ್ರ ಹತ್ರ ನಾನ್ ಕೇಳ್ತೀನಿ."

ಮರುದಿನ ಡ್ಯೂಟಿ ಮುಗಿಸಿ ಪೇಟೆಯ ಫ್ಯಾನ್ಸಿ ಸ್ಟೋರಿಗೆ ಹೋದೆ. ಪ್ರತಿ ಗೌರಿಹಬ್ಬಕ್ಕೂ ನಾನು ಬಳೆ ತೊಡಿಸಿಕೊಳ್ಳುತ್ತಿದ್ದ ಅಂಗಡಿ ಅದು. ಅಂಗಡಿಯಾಕೆಗೆ ವಿಷಯ ಗೊತ್ತಿತ್ತು. ನನ್ನ ಹಣೆ ನೋಡಿ, ಕೈ ನೋಡಿ, ಎದ್ದು ನಿಂತರು.

"ಕೆಂಪು ನೈಲ್ ಪಾಲಿಶ್ ಕೊಡಿ, ಅದನ್ನ ತೆಗೆಯೋ ರಿಮೂವರ್ ಕೂಡ."

ಪಕ್ಕದಲ್ಲಿ ಹೇರ್‌ಕ್ಲಿಪ್ ಆರಿಸುತ್ತಿದ್ದ ಇಬ್ಬರು ಹೆಂಗಸರು ತಿರುಗಿದರು. ಆಕೆ ತಿಳಿಗುಲಾಬಿ ಬಣ್ಣದ ಸೀಸೆಯೊಂದನ್ನು ಮುಂದಿಟ್ಟು, "ಇದ್ ನೋಡಿ ಮೇಡಂ, ಎದ್ದು ಕಾಣಲ್ಲ" ಎಂದರು, ಬಹಳ ಮೆತ್ತಗೆ.

"ಎದ್ದು ಕಾಣೋದೇ ಬೇಕು. ಪಿಸ್ತೂಲಿಗೆ."

ಆಕೆ ಇನ್ನೇನೂ ಕೇಳದೆ ಇದ್ದುದರಲ್ಲೇ ಢಾಳಾದ ಕೆಂಪನ್ನು ಕಟ್ಟಿಕೊಟ್ಟರು. ಬೆನ್ನ ಹಿಂದೆ ಪಿಸುಮಾತು ಕೇಳಿಸಿತು. ಬೇರೆ ಸಮಯದಲ್ಲಾಗಿದ್ದರೆ ಕಿವಿ ಬಿಸಿಯಾಗುತ್ತಿತ್ತು.

ಸಾಹೇಬರು ಒಪ್ಪಿದ್ದರು. ಆಯುಧದ ಕೋಣೆಯಲ್ಲಿ ಅಣ್ಣ ಪಿಸ್ತೂಲಿನ ಮ್ಯಾಗಜಿನ್ ತೆಗೆದು, ಒಳಗೆ ಗುಂಡಿಲ್ಲವೆಂದು ತಾವೂ ನೋಡಿ ನನಗೂ ತೋರಿಸಿದರು. ಬಟ್ಟೆಯ ತುದಿಯನ್ನು ರಿಮೂವರಿನಲ್ಲಿ ಅದ್ದಿ ಗೂಟದ ಜಿಡ್ಡು ತೆಗೆದರು. ಕಪ್ಪಿನ ಮೇಲೆ ನೇರವಾಗಿ ಕೆಂಪು ಬಳಿದರೆ ಮಂಕಾಗುತ್ತದೆಂದು ಮೊದಲು ಕಾಗದದ ತಪ್ಪು ಅಳಿಸುವ ಬಿಳಿ ವೈಟ್‌ನರನ್ನು ಪೊರಕೆಕಡ್ಡಿಯ ತುದಿಯಿಂದ ಇಟ್ಟರು. ಅದು ಒಣಗುವವರೆಗೆ ಕಾದೆವು. ಕೆಂಪು ಹಚ್ಚುವ ಸರದಿ ಬಂದಾಗ ಸೀಸೆ ನನ್ನ ಕೈಗೆ ಕೊಟ್ಟರು.

"ನನ್ನ ಕೈ ಈಗೀಗ ನಡುಗುತ್ತೆ ಮೇಡಂ. ನೀವೇ ಹಚ್ಚಿ. ಮೊದ್ಲು ಉಗುರಿನ ಮೇಲೆ ನೋಡಿ, ಬಣ್ಣ ಎಷ್ಟು ದಪ್ಪ ಬರುತ್ತೆ ಅಂತ."

ಎಡಗೈ ಹೆಬ್ಬೆರಳಿಗೆ ಹಚ್ಚಿ ನೋಡಿದೆ. ಆಮೇಲೆ ಕಡ್ಡಿಯ ತುದಿಯಲ್ಲಿ ಒಂದು ಹನಿ ತೆಗೆದು ಗೂಟದಲ್ಲಿ ನನ್ನ ಕಣ್ಣಿಗೆ ಎದುರಾಗುವ ಮುಖಕ್ಕೆ ಮಾತ್ರ ಮುಟ್ಟಿಸಿದೆ. ಅಂಚು ದಾಟಲಿಲ್ಲ. ಪಿಸ್ತೂಲು ಒಪ್ಪಿಸಿ ಮನೆಗೆ ಹೊರಟೆ. ಉಗುರಿನದು ಮರೆತುಹೋಯಿತು.

ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ. ಅತ್ತೆಯ ಊರು ದೊಡ್ಡಬೆಳವಂಗಲದ ಕಡೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಹೊಲ ಗೇಯ್ದು ಒಬ್ಬನೇ ಮಗನನ್ನು ಸಾಕಿದವರು. ಊಟಕ್ಕೆ ಕೂತು ಎಡಗೈಯಲ್ಲಿ ನೀರಿನ ಚೊಂಬು ಎತ್ತಿದಾಗ ಅವರ ಕಣ್ಣು ನನ್ನ ಹೆಬ್ಬೆರಳ ಮೇಲೆ ನಿಂತಿತು. ಮುದ್ದೆಗೆ ಸಾರು ಬಿಟ್ಟು ಒಳಗೆ ಹೋದರು. ಕಾರಣ ಹೇಳುವ ಶ್ರಮ ನನಗೆ ಬೇಡವೆನಿಸಿತ್ತು, ಆ ದಿನಗಳಲ್ಲಿ ಊಟದ ರುಚಿಯೂ ತಿಳಿಯುತ್ತಿರಲಿಲ್ಲ.

ಬೆಳಿಗ್ಗೆ ಯೂನಿಫಾರಂ ಹಾಕಿಕೊಂಡು ತುರುಬು ಕಟ್ಟುತ್ತಿದ್ದಾಗ ಬಾಗಿಲಲ್ಲಿ ಬಂದು ನಿಂತರು.

"ಹಚ್ಕಳವ್ವ. ಒಂದೇ ಬೆರಳ್ಗ್ಯಾಕೆ, ಎಲ್ಲಾದುಕ್ಕೂ ಹಚ್ಕ. ನಾನೇನೂ ಅನ್ನಕಿಲ್ಲ. ಬೋಳು ಕೈಯಾಗೆ ನಾನು ಬಾಳಿದ್ದು ಸಾಕು. ನೀನು ಹಂಗಿರಬ್ಯಾಡ."

ಪಿನ್ನು ಬಾಯಲ್ಲೇ ಇತ್ತು. ತೆಗೆದು ಹೇಳಿದೆ. "ಇದು ನನಗಲ್ಲ ಅತ್ತೆ. ಪಿಸ್ತೂಲಿಗೆ ಹಚ್ಚೋಕೆ ತಂದಿದ್ದು. ತುದಿ ಕಾಣ್ತಿರ್ಲಿಲ್ಲ."

"ಪಿಸ್ತೂಲ್ಗಾ?"

"ಹೂಂ. ಉಗುರಿನ ಮೇಲೆ ಹಚ್ಚಿ ನೋಡ್ದೆ ಅಷ್ಟೆ."

ಅವರು ನನ್ನ ಕೈ ಹಿಡಿದು ಉಗುರು ನೋಡಿದರು. "ಅದುಕ್ಕೆ ಹಚ್ಚಿ ಮಿಕ್ಕೈತಾ?"

"ಬಾಟ್ಲಿ ತುಂಬಾ ಇದೆ."

"ಹಂಗಾರೆ ಮಡಿಕ್ಕ. ಎಸೀಬ್ಯಾಡ."

ಸ್ಕೂಟರಿನಲ್ಲಿ ಹೋಗುವಾಗ ಆ ಮಾತು ಮತ್ತೆ ಮತ್ತೆ ಕೇಳಿಸಿತು. ರಸ್ತೆಪಕ್ಕದ ಹುಣಸೆಮರದ ಕೆಳಗೆ ಗಾಡಿ ನಿಲ್ಲಿಸಿದೆ. ಅಳು ಬರುತ್ತದೆ ಎನ್ನಿಸಿತು. ಕಾದೆ. ಕಾರ್ಖಾನೆ ಬಸ್ಸುಗಳು ಒಂದರ ಹಿಂದೊಂದು ಹೋದವು. ಏನೂ ಬರಲಿಲ್ಲ. ಹೊರಟೆ.

ಎರಡನೇ ಸಲದ ಫೈರಿಂಗಿಗೆ ಕರೆದಿದ್ದು ನನ್ನನ್ನು ಮತ್ತು ಇನ್ನಿಬ್ಬರನ್ನು. ಪಿಸ್ತೂಲು ಎತ್ತಿದೆ. ಸೀಳಿನ ನಡುವೆ ಕೆಂಪು ಚುಕ್ಕೆ ಬಂದು ಕೂತಿತು. ಅದರಾಚೆ ಮನುಷ್ಯಾಕಾರ ಮಸುಕಾಗಿತ್ತು, ಮಸುಕಾಗಿಯೇ ಇರಲಿ, ಕಣ್ಣು ಕೆಂಪು ಬಿಟ್ಟು ಹೋಗಬಾರದು ಎಂದು ಅಣ್ಣ ಹೇಳಿದ್ದರು. ಉಸಿರು ಅರ್ಧ ಬಿಟ್ಟು ನಿಲ್ಲಿಸಿ ಟ್ರಿಗರ್ ಎಳೆದೆ. ಮತ್ತೆ ಎಳೆದೆ. ಹಲಗೆಯ ಬಳಿ ಹೋಗಿ ನೋಡಿದರೆ ತೂತುಗಳೆಲ್ಲ ಒಂದು ಅಂಗೈ ಅಗಲದಲ್ಲಿದ್ದವು. ಸಾಹೇಬರು ತಲೆಯಾಡಿಸಿ ಮುಂದಿನವರ ಕಡೆ ನಡೆದರು. ಅಣ್ಣ ತೂತುಗಳಿಗೆ ಕಾಗದ ಅಂಟಿಸುತ್ತಾ "ನೋಡಿದ್ರಾ?" ಎಂದರು. ನೋಡಿದೆ ಎಂದೆ. ಖುಷಿಯಾಗಬೇಕಿತ್ತು ಎಂಬುದು ತಿಳಿಯುತ್ತಿತ್ತು.

ಸಂಜೆ ಚಪ್ಪಲಿ ಬಿಡುವ ಮೊದಲೇ ಅತ್ತೆ ಕೇಳಿದರು. "ಏಟು ಬಿತ್ತಾ?"

"ಬಿತ್ತು."

"ಎಲ್ಲಾ?"

"ಎಲ್ಲಾ ಬಿತ್ತು ಅತ್ತೆ."

"ಸರಿ, ಕೈಕಾಲು ತೊಳ್ಕಂಡು ಬಾ. ಅವರೆಕಾಳು ಸಾರು ಮಾಡಿವ್ನಿ."

ಎರಡು ತುತ್ತು ತಿಂದು ಉಪ್ಪು ಜಾಸ್ತಿ ಎಂದೆ. ಅತ್ತೆ ಬೆರಳಲ್ಲಿ ಸಾರು ನೆಕ್ಕಿ ನೋಡಿ, "ಊಂ ಕಣವ್ವ, ಜಾಸ್ತಿನೇ ಆಗೈತೆ" ಎಂದರು. ಒಲೆಯ ಮೇಲಿದ್ದ ಪಾತ್ರೆಗೆ ಒಂದು ಲೋಟ ಬಿಸಿನೀರು ಹೊಯ್ದು ಕುದಿಯಲು ಬಿಟ್ಟರು. ಇಬ್ಬರೂ ತಟ್ಟೆ ಮುಂದಿಟ್ಟುಕೊಂಡು ಕಾದೆವು.